ಎನ್‌ಪಿ ಲೈಸೆನ್ಸ್ ಇಟ್ಟುಕೊಂಡು ರಾಜ್ಯ ಬದಲಿಸುವುದು ಹೇಗೆ?

ಗಂಡನಿಗೆ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕೆಲಸ ಸಿಕ್ಕಿರುತ್ತದೆ, ಟೆಕ್ಸಸ್‌ನ ಡಲ್ಲಾಸ್ ಮನೆ ಖಾಲಿ ಮಾಡಿ ಆಗಿರುತ್ತದೆ, ಆಮೇಲೆ ನನಗೆ ಫೋನು: "ಅಕ್ಕಾ, ಎನ್‌ಪಿ ಲೈಸೆನ್ಸ್ ಟ್ರಾನ್ಸ್‌ಫರ್ ಮಾಡ್ಸೋದು ಹೇಗೆ?" ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ (ಎನ್‌ಪಿ, ಅಂದರೆ ಹೆಚ್ಚಿನ ಓದು ಮಾಡಿ ರೋಗಿಯನ್ನು ನೋಡಿ ಔಷಧಿಯನ್ನೂ ಬರೆಯುವ ನರ್ಸ್) ಲೈಸೆನ್ಸ್ ಟ್ರಾನ್ಸ್‌ಫರ್ ಆಗುವುದೇ ಇಲ್ಲ ಕಣ್ರೀ. ಹೊಸ ರಾಜ್ಯದಲ್ಲಿ ಹೊಸ ಅರ್ಜಿಯೇ ಹಾಕಬೇಕು. ಇದಕ್ಕೆ ಎಂಡಾರ್ಸ್‌ಮೆಂಟ್ ಅನ್ನುತ್ತಾರೆ. ಪರೀಕ್ಷೆ ಮತ್ತೆ ಬರೆಯಬೇಕಿಲ್ಲ, ಅದೊಂದೇ ಸಮಾಧಾನ.

"ನಂದು ಕಾಂಪ್ಯಾಕ್ಟ್ ಲೈಸೆನ್ಸ್ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಕಾಂಪ್ಯಾಕ್ಟ್ ಅಂದರೆ ಒಂದೇ ಲೈಸೆನ್ಸ್‌ನಲ್ಲಿ ಹಲವು ರಾಜ್ಯಗಳಲ್ಲಿ ಕೆಲಸ ಮಾಡಬಹುದಾದ ಒಪ್ಪಂದ. ಅದು ಆರ್‌ಎನ್ (ರಿಜಿಸ್ಟರ್ಡ್ ನರ್ಸ್), ಎಲ್‌ಪಿಎನ್ (ಪ್ರಾಕ್ಟಿಕಲ್ ನರ್ಸ್) ಲೈಸೆನ್ಸ್‌ಗಳಿಗೆ, ಎನ್‌ಪಿಗೆ ಅಲ್ಲ. ಎನ್‌ಪಿಗಳಿಗೂ ಒಂದು ಬರೆದಿಟ್ಟಿದ್ದಾರೆ, 7 ರಾಜ್ಯ ಸೇರಿದರೆ ಜಾರಿ ಅಂತ. ಅದನ್ನು ನಂಬಿ ಕೂರಬೇಡಿ. ಇನ್ನು ಕ್ಯಾಲಿಫೋರ್ನಿಯಾ ಆರ್‌ಎನ್ ಕಾಂಪ್ಯಾಕ್ಟ್‌ನಲ್ಲೂ ಇಲ್ಲ. ಹಾಗಾಗಿ ಟೆಕ್ಸಸ್‌ನಿಂದ ಅಲ್ಲಿಗೆ ಹೋಗುವವರಿಗೆ ಆರ್‌ಎನ್‌ನಿಂದಲೇ ಶುರು. ಮನೆ ಅಲ್ಲಿಗೆ ಬದಲಾಯಿಸಿದ ಮೇಲೆ ನಿಮ್ಮ ಟೆಕ್ಸಸ್ ಲೈಸೆನ್ಸ್ ಕೂಡ ಬಹುರಾಜ್ಯದ್ದಾಗಿ ಉಳಿಯುವುದಿಲ್ಲ, ಟೆಕ್ಸಸ್‌ಗೆ ಮಾತ್ರ ಸೀಮಿತ.

ಅಂದರೆ ಬೇಕಾಗುವುದು ನಾಲ್ಕು: ಆರ್‌ಎನ್ ಲೈಸೆನ್ಸ್, ಎನ್‌ಪಿ ಸರ್ಟಿಫಿಕೇಟ್, ಔಷಧಿ ಬರೆಯಲು ಫರ್ನಿಷಿಂಗ್ ನಂಬರ್, ಮಾರ್ಫಿನ್‌ನಂಥ ನಿಯಂತ್ರಿತ ಔಷಧಿಗೆ ಡಿಇಎ (ಕೇಂದ್ರ ಸರ್ಕಾರದ ಮಾದಕವಸ್ತು ಇಲಾಖೆಯ ನೋಂದಣಿ).

ಅರ್ಜಿಗೆ ಕೈ ಹಾಕುವ ಮೊದಲು ನಿಮ್ಮ ಹೆಸರು ಸರಿಮಾಡಿಕೊಳ್ಳಿ. ನಮ್ಮವರು ಮುಗ್ಗರಿಸುವುದು ಇಲ್ಲೇ. ನನ್ನದೇ ಕಥೆ ಕೇಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ, ಬಿಎಸ್ಸಿ ನರ್ಸಿಂಗ್ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ ಏಜೆಂಟ್ ಅವೆರಡನ್ನೂ ಬಿಡಿಸಿ ಬರೆದ. ಊರಿನ ಹೆಸರೇ ನನ್ನ ಸರ್‌ನೇಮ್ ಆಯಿತು. ಮದುವೆ ಆದ ಮೇಲೆ ಟೆಕ್ಸಸ್‌ನಲ್ಲಿ ಗಂಡನ ಹೆಸರು ಬಂತು. ಫೈಲ್ ತೆರೆದು ನೋಡಿದವರಿಗೆ ಮೂರು ಹೆಂಗಸರು ಸೇರಿ ಒಂದು ಡಿಗ್ರಿ ಮಾಡಿದ ಹಾಗೆ! ಅರ್ಜಿ ವಾರಗಟ್ಟಲೆ ಅಲ್ಲಾಡಲಿಲ್ಲ. ಕೊನೆಗೆ ಊರಿನಲ್ಲಿ ನೋಟರಿ ಹತ್ತಿರ "ಈ ಮೂರೂ ಹೆಸರು ಒಬ್ಬಳದೇ" ಎಂಬ ಅಫಿಡವಿಟ್ ಮಾಡಿಸಿ, ಮದುವೆ ಸರ್ಟಿಫಿಕೇಟ್, ಪಾಸ್‌ಪೋರ್ಟ್ ನಕಲು ಜೊತೆಗಿಟ್ಟು ಕಳಿಸಿದ ಮೇಲೆ ಜೀವ ಬಂತು. ನೀವು ಇದನ್ನು ಮೊದಲೇ ಮಾಡಿ. ಅರ್ಜಿಯಲ್ಲಿ ಹಳೆಯ ಹೆಸರುಗಳನ್ನು ಕೇಳುವ ಜಾಗದಲ್ಲಿ ಒಂದನ್ನೂ ಬಿಡಬೇಡಿ, ಇನಿಷಿಯಲ್ ಇರುವುದನ್ನು ಕೂಡ.

ಎರಡನೇ ಗುಂಡಿ ಟ್ರಾನ್ಸ್‌ಕ್ರಿಪ್ಟ್. ಅಮೆರಿಕದಲ್ಲೇ ಓದಿ ಆರ್‌ಎನ್ ಆದವರು ಈ ಪ್ಯಾರಾ ಬಿಟ್ಟುಬಿಡಿ. ಭಾರತದಲ್ಲಿ ಬಿಎಸ್ಸಿ ಮಾಡಿದವರ ಟ್ರಾನ್ಸ್‌ಕ್ರಿಪ್ಟ್, ಜೊತೆಗೆ ಯಾವ ವಿಷಯಕ್ಕೆ ಎಷ್ಟು ಗಂಟೆ ಥಿಯರಿ, ಎಷ್ಟು ಗಂಟೆ ಕ್ಲಿನಿಕಲ್ ಎಂಬ ಫಾರಂ, ಎರಡೂ ಓದಿದ ಕಡೆಯಿಂದಲೇ ನೇರವಾಗಿ ಕ್ಯಾಲಿಫೋರ್ನಿಯಾದ ನರ್ಸಿಂಗ್ ಬೋರ್ಡಿಗೆ ಹೋಗಬೇಕು. ನೀವು ಸ್ಕ್ಯಾನ್ ಮಾಡಿ ಕಳಿಸಿದರೆ ಲೆಕ್ಕಕ್ಕಿಲ್ಲ. ಕ್ಯಾಲಿಫೋರ್ನಿಯಾದವರು ಥಿಯರಿ ಮತ್ತು ಅದರ ಕ್ಲಿನಿಕಲ್ ಒಟ್ಟೊಟ್ಟಿಗೆ ನಡೆದಿದೆಯಾ ಅಂತಲೂ ನೋಡುತ್ತಾರೆ. ಮಕ್ಕಳ ನರ್ಸಿಂಗ್ ಪಾಠ ಎರಡನೇ ವರ್ಷ, ವಾರ್ಡ್ ಪೋಸ್ಟಿಂಗ್ ಮೂರನೇ ವರ್ಷ ಅಂತ ಕಾಲೇಜಿನ ಗುಮಾಸ್ತರು ಅವಸರದಲ್ಲಿ ಬರೆದುಬಿಟ್ಟರೆ ಮುಗೀತು. ಫಾರಂ ಹೋಗುವ ಮೊದಲು ನಿಮ್ಮ ಹಳೇ ಲಾಗ್‌ಬುಕ್ ತೆಗೆದು ದಿನಾಂಕಗಳನ್ನು ತಾಳೆ ನೋಡಿಸಿ. ಇಮೇಲ್ ಮಾಡಿ ಕಾಯುವುದು ಸುಮ್ನೆ ದಂಡ. ತಮ್ಮನನ್ನೋ ಗೆಳತಿಯನ್ನೋ ಕಾಲೇಜಿಗೇ ಕಳಿಸಿ, ಬೆಳಿಗ್ಗೆ ಹತ್ತೂವರೆಗೆ, ಪ್ರಿನ್ಸಿಪಾಲರು ರೌಂಡ್ಸ್‌ಗೆ ಹೋಗುವ ಮೊದಲು.

ಟೆಕ್ಸಸ್ ಆರ್‌ಎನ್ ವೆರಿಫಿಕೇಷನ್, ಅಂದರೆ ಹಳೇ ಲೈಸೆನ್ಸ್ ಸರಿಯಿದೆ ಅಂತ ಹೊಸ ಬೋರ್ಡಿಗೆ ತಿಳಿಸುವುದು, ಸುಲಭ. ನರ್ಸಿಸ್ ವೆಬ್‌ಸೈಟ್, 30 ಡಾಲರ್, ಹತ್ತು ನಿಮಿಷ.

ಆಮೇಲೆ ಬೆರಳಚ್ಚು, ಹಿನ್ನೆಲೆ ಪರಿಶೀಲನೆಗೆ. ಹೊರರಾಜ್ಯದಿಂದ ಇಂಕ್ ಕಾರ್ಡ್ ಕಳಿಸಬಹುದು, ಆದರೆ ನಾನು ಬೇಡ ಅನ್ನುತ್ತೇನೆ. ದಿನಕ್ಕೆ ಐವತ್ತು ಸಲ ಕೈ ತೊಳೆದು, ಸ್ಯಾನಿಟೈಸರ್ ಹಚ್ಚಿ ನಮ್ಮ ಬೆರಳಿನ ಗೆರೆಗಳು ಸವೆದಿರುತ್ತವೆ, ಇಂಕಿನಲ್ಲಿ ಮಸುಕಾಗಿ ಮೂಡಿ ಕಾರ್ಡ್ ವಾಪಸ್ ಬರುತ್ತದೆ. ಮನೆ ನೋಡಲು ಹೇಗೂ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತೀರಲ್ಲ, ಆಗ ಅಲ್ಲೇ ಲೈವ್‌ಸ್ಕ್ಯಾನ್ (ಇಂಕ್ ಇಲ್ಲದೆ ಯಂತ್ರದಲ್ಲಿ ತೆಗೆಯುವ ಬೆರಳಚ್ಚು) ಕೊಟ್ಟು ಬನ್ನಿ. ಹಿಂದಿನ ಎರಡು ದಿನ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ, ಹೋಗುವ ದಿನ ಚೆನ್ನಾಗಿ ಒರೆಸಿಕೊಂಡು ಹೋಗಿ.

"ಲೈಸೆನ್ಸ್ ನಾವೇ ಮಾಡಿಸಿ ಕೊಡುತ್ತೇವೆ" ಎನ್ನುವ ಕಂಪನಿಗಳಿಗೆ ನೂರಾರು ಡಾಲರ್ ಸುರಿಯಬೇಡಿ. ನಾನು ಒಮ್ಮೆ ಕೊಟ್ಟು ನೋಡಿದೆ. ನಾನು ತುಂಬಿ ಕೊಟ್ಟದ್ದನ್ನೇ ಅವರು ಟೈಪ್ ಮಾಡಿದರು, ಅದೂ ಹುಟ್ಟಿದ ತಾರೀಖು ತಪ್ಪಿಸಿ. ತಿಂಗಳು ಮೊದಲು, ತಾರೀಖು ಆಮೇಲೆ ಎಂಬ ಅಮೆರಿಕದ ಲೆಕ್ಕ ಅವರಿಗೇ ಗೊತ್ತಿರಲಿಲ್ಲ.

ಎನ್‌ಪಿ ಸರ್ಟಿಫಿಕೇಟ್ ಬಂತು ಅಂತ ಲಾಡು ಹಂಚಬೇಡಿ. ಫರ್ನಿಷಿಂಗ್ ನಂಬರ್ ಇಲ್ಲದೆ ಮಾತ್ರೆ ಬರೆಯುವ ಹಾಗಿಲ್ಲ. ಎನ್‌ಪಿ ಅರ್ಜಿಯ ಜೊತೆಗೇ ಅದನ್ನೂ ಹಾಕಿ, ಓದುವಾಗಿನ ಫಾರ್ಮಕಾಲಜಿ ಕೋರ್ಸಿನ ದಾಖಲೆ ಹುಡುಕಿಟ್ಟುಕೊಳ್ಳಿ. ಡಿಇಎ ಆಯಾ ರಾಜ್ಯಕ್ಕೆ ಬೇರೆ ಬೇರೆ, ಹೊಸದಕ್ಕೆ 3 ವರ್ಷಕ್ಕೆ 888 ಡಾಲರ್. ಟೆಕ್ಸಸ್ ರೋಗಿಗಳನ್ನು ಇನ್ನು ನೋಡುವುದಿಲ್ಲ ಅಂತ ಗಟ್ಟಿಯಾದರೆ ಹೊಸದು ಕೊಳ್ಳಬೇಡಿ, ಇರುವುದರ ವಿಳಾಸ ಮತ್ತು ರಾಜ್ಯವನ್ನೇ ಆನ್‌ಲೈನ್‌ನಲ್ಲಿ ಬದಲಿಸಿ, ಅದಕ್ಕೆ ದುಡ್ಡಿಲ್ಲ. ಎನ್‌ಪಿಐ ನಂಬರ್ (ಚಿಕಿತ್ಸೆ ಕೊಡುವವರ ಗುರುತಿನ ಸಂಖ್ಯೆ) ದೇಶಕ್ಕೆಲ್ಲ ಒಂದೇ, 30 ದಿನದೊಳಗೆ ವಿಳಾಸ ತಿದ್ದಿದರೆ ಸಾಕು.

ಕೆಲಸಕ್ಕೆ ಸೇರುವ ದಿನವನ್ನು ಮಾತ್ರ ಫರ್ನಿಷಿಂಗ್ ನಂಬರ್ ಕೈಗೆ ಬರುವ ತನಕ ಒಪ್ಪಿಕೊಳ್ಳಬೇಡಿ. ಎಚ್‌ಆರ್‌ನವರು "ಬಂದೇ ಬರುತ್ತೆ, ಸೈನ್ ಮಾಡಿ" ಅನ್ನುತ್ತಾರೆ. ನಾನು ಸೈನ್ ಮಾಡಿದ್ದೆ. ಹೊಸ ಕ್ಲಿನಿಕ್‌ನಲ್ಲಿ ಮೊದಲ ಐದು ವಾರ ಬಿಪಿ ನೋಡಿ, ಪಕ್ಕದ ರೂಮಿನ ಡಾಕ್ಟರ್ ಬಾಗಿಲು ತಟ್ಟಿ "ಸರ್, ಇದೊಂದು ಬರೆದುಕೊಡ್ತೀರಾ?" ಅಂತ ನಿಲ್ಲುವುದೇ ನನ್ನ ಕೆಲಸವಾಗಿತ್ತು.