ಹಾಡುಹಗಲಲ್ಲಿ ಗೋಡೆ ಬರೆಯುವ ಕೆಲಸ

ಗ್ರಾಫಿಟಿ ಬರೀತೀನಿ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ರಾತ್ರಿ ಎಷ್ಟೊತ್ತಿಗೆ ಹೋಗ್ತೀರಾ?" ಬೆಳಿಗ್ಗೆ ತಿಂಡಿ ಮುಗಿಸಿ ಹತ್ತು ಗಂಟೆ ಹೊತ್ತಿಗೆ ಅಂದರೆ ನಂಬುವುದಿಲ್ಲ, ಗುಟ್ಟು ಬಿಟ್ಟುಕೊಡುತ್ತಿಲ್ಲ ಅಂದುಕೊಳ್ಳುತ್ತಾರೆ. ಕಪ್ಪು ಟೀ ಶರ್ಟು, ತಲೆ ಮೇಲೆ ಹುಡ್, ಬೆನ್ನಿಗೆ ಬ್ಯಾಗು, ಕತ್ತಲಲ್ಲಿ ಓಟ ಇವೆಲ್ಲ ಇಂಗ್ಲಿಷ್ ವಿಡಿಯೊಗಳಿಂದ ಬಂದ ಚಿತ್ರ. ಶುರುವಿನಲ್ಲಿ ನನ್ನ ತಲೆಯಲ್ಲೂ ಅದೇ ಇತ್ತು. ಆದರೆ ಬೆಂಗಳೂರಿನ ರಾತ್ರಿ ಯಾರನ್ನೂ ಮುಚ್ಚಿಡುವುದಿಲ್ಲ.

ಮೊದಲನೆಯದು ನಾಯಿ. ಒಂದು ನಾಯಿ ಬೊಗಳಿದರೆ ಪಕ್ಕದ ಕ್ರಾಸಿನದ್ದು ಸೇರಿಕೊಳ್ಳುತ್ತದೆ, ಮೂರನೆಯದಕ್ಕೆ ಮನೆಗಳ ಲೈಟು ಹತ್ತುತ್ತದೆ. ಎರಡನೆಯದು ಸದ್ದು. ಸ್ಪ್ರೇ ಕ್ಯಾನ್ ಅಲ್ಲಾಡಿಸಿದರೆ ಒಳಗಿನ ಗುಂಡು ಟಕಟಕ ಅನ್ನುತ್ತದೆ. ಹಗಲು ಮೈಸೂರು ರಸ್ತೆಯ ಪಕ್ಕ ನಿಂತು ಅದೇ ಕ್ಯಾನ್ ಅಲ್ಲಾಡಿಸಿ ನೋಡಿ, ನಿಮ್ಮ ಕಿವಿಗೇ ಕೇಳುವುದಿಲ್ಲ. ಮೂರನೆಯದು, ಈ ಊರು ಮಲಗುವುದೇ ಕಡಿಮೆ. ಒಂದು ಗಂಟೆಯವರೆಗೆ ಬಾರಿನಿಂದ ಹೊರಟವರು ಇರುತ್ತಾರೆ. ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್ಟಿನ ಕಡೆ ಹೂವಿನ ಗಾಡಿಗಳು ಹೊರಡುತ್ತವೆ, ಅದರ ಹಿಂದೆಯೇ ಹಾಲಿನ ವ್ಯಾನು, ಆಮೇಲೆ ಮುಚ್ಚಿದ ಅಂಗಡಿಗಳ ಮುಂದೆ ಕೂತು ಪೇಪರ್ ಜೋಡಿಸುವ ಹುಡುಗರು. ಮಧ್ಯೆ ಸಿಗುವ ಒಂದೆರಡು ಗಂಟೆ ನಿಜಕ್ಕೂ ಖಾಲಿ. ಆದರೆ ಇಡೀ ರಸ್ತೆಯಲ್ಲಿ ಅಲ್ಲಾಡುವ ವಸ್ತು ನೀವೊಬ್ಬರೇ ಆಗಿದ್ದರೆ ಗಸ್ತು ತಿರುಗುವ ಹೊಯ್ಸಳ ಗಾಡಿಯ ಪೊಲೀಸರು ಇನ್ನೇನನ್ನು ನೋಡಬೇಕು? ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರಿಗೂ ಆ ಹೊತ್ತಿನಲ್ಲಿ ನೋಡಲು ಬೇರೆ ಏನೂ ಇರುವುದಿಲ್ಲ. ಇದರ ಮೇಲೆ ಕ್ಯಾಮೆರಾ. ಸೇಫ್ ಸಿಟಿ ಯೋಜನೆಯಡಿ ಊರ ತುಂಬ ಸಾವಿರಾರು ಹಾಕಿದ್ದಾರೆ, ಮನೆಗೊಂದು ಅಂಗಡಿಗೊಂದು ಅಂತ ಜನ ಹಾಕಿಕೊಂಡಿರುವುದು ಬೇರೆ.

ನಾಲ್ಕನೆಯ ಕಾರಣವನ್ನು ಬಣ್ಣದ ಕೆಲಸ ಮಾಡದವರು ಯೋಚಿಸುವುದೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಇಬ್ಬನಿಗೆ ಗೋಡೆ ಒದ್ದೆಯಾಗಿರುತ್ತದೆ. ಎಮಲ್ಷನ್ ಬಣ್ಣ ಹಿಡಿಯುವುದಿಲ್ಲ, ಬಿಸಿಲು ಏರಿದಾಗ ಸಿಪ್ಪೆಯ ಹಾಗೆ ಏಳುತ್ತದೆ. ಹಳದಿ ಬೀದಿದೀಪದ ಕೆಳಗೆ ಕೆಂಪು ಯಾವುದು, ಕಿತ್ತಳೆ ಯಾವುದು ಅಂತಲೂ ತಿಳಿಯುವುದಿಲ್ಲ.

ಹಗಲಿಗೆ ನನ್ನನ್ನು ತಂದಿದ್ದು ಬೋರ್ಡ್ ಬರೆಯುವ ಒಬ್ಬ ಮೇಸ್ತ್ರಿ. ಫ್ಲೆಕ್ಸ್ ಬಂದ ಮೇಲೆ ಅವರ ಕಸುಬು ಬಿದ್ದುಹೋಗಿತ್ತು. 2009ರ ಸುಮಾರಿಗೆ ಪಾಲಿಕೆಯವರು ಪೋಸ್ಟರ್ ಅಂಟಿಸುವುದನ್ನು ತಪ್ಪಿಸಲು ರಸ್ತೆ ಬದಿಯ ಗೋಡೆಗಳ ಮೇಲೆ ಹಂಪಿ, ಯಕ್ಷಗಾನ, ಹುಲಿ, ಆನೆ ಬರೆಸಿದರಲ್ಲ, ಆಗ ಇವರಂಥವರಿಗೆ ಮತ್ತೆ ಕೈತುಂಬ ಕೆಲಸ ಸಿಕ್ಕಿತ್ತು. ಕಲ್ಲಿನ ರಥದ ಚಕ್ರಗಳನ್ನು ಎಷ್ಟು ಬರೆದಿದ್ದೀನೋ ಲೆಕ್ಕ ಇಟ್ಟಿಲ್ಲ ಅನ್ನುತ್ತಿದ್ದರು. ನಾನು ಅವರ ಹತ್ತಿರ ಅಕ್ಷರ ಕಲಿಯಲು ಹೋದೆ, ಅವರು ಮೊದಲು ಕಲಿಸಿದ್ದು ನಿಲ್ಲುವುದನ್ನು. "ಗೋಡೆ ಮುಂದೆ ಕಳ್ಳನ ಥರ ನಿಂತ್ಕೋಬೇಡ. ಬಕೆಟ್ ಇಡು, ಎರಡ್ ಹೆಜ್ಜೆ ಹಿಂದೆ ಬಾ, ಸೊಂಟದ ಮೇಲೆ ಕೈ ಇಟ್ಕೊಂಡು ಗೋಡೆ ನೋಡು. ಕೂಲಿಗೆ ಬಂದೋನು ಹಂಗೇ ನಿಲ್ಲೋದು."

ಅದನ್ನು ಇವತ್ತಿಗೂ ಹಾಗೇ ಮಾಡುತ್ತೇನೆ. ಹಳೇ ಎಮಲ್ಷನ್ ಬಕೆಟ್ಟು, ಕೋಲಿಗೆ ಕಟ್ಟಿದ ರೋಲರ್, ನಾಲ್ಕಿಂಚಿನ ಬ್ರಷ್ಷು, ಬಣ್ಣ ಮೆತ್ತಿದ ಶರ್ಟು, ಹವಾಯಿ ಚಪ್ಪಲಿ. ಸಾಧ್ಯವಾದರೆ ಏಣಿ. ಏಣಿ ಹೊತ್ತುಕೊಂಡು ಹೋಗುವವನನ್ನು ಈ ಊರಿನಲ್ಲಿ ಯಾರೂ ತಡೆಯುವುದಿಲ್ಲ, ಬದಲಿಗೆ ದಾರಿ ಬಿಡುತ್ತಾರೆ. ಮೊದಲು ರೋಲರ್ ಹಿಡಿದು ಗೋಡೆಗೆ ಬಿಳಿ ಹೊಡೆಯುತ್ತೇನೆ. ಆ ಅರ್ಧ ಗಂಟೆಯಲ್ಲಿ ಬೀದಿಯವರೆಲ್ಲ ಒಮ್ಮೆ ನೋಡಿ, 'ಪೇಂಟಿಂಗ್ ನಡೀತಿದೆ' ಅಂತ ಮನಸ್ಸಿನಲ್ಲಿ ಬರೆದುಕೊಂಡು ಮುಂದೆ ಹೋಗುತ್ತಾರೆ. ಆಮೇಲೆ ಬಿಳಿಯ ಮೇಲೆ ಏನು ಬಂದರೂ ಅದು ಅದೇ ಕೆಲಸದ ಮುಂದಿನ ಭಾಗ. ಜೆ.ಸಿ. ರಸ್ತೆಯಲ್ಲಿ ಕಾರಿನ ಟಚಪ್ಪಿಗೆ ಸಿಗುವ ಸ್ಪ್ರೇ ಕ್ಯಾನ್‌ಗಳನ್ನು ಕೊನೆಯ ಗೆರೆ, ನೆರಳಿಗಷ್ಟೇ ತೆಗೆಯುತ್ತೇನೆ. ದುಡ್ಡಿನ ದೃಷ್ಟಿಯಿಂದಲೂ ಅದೇ ಸರಿ, ಒಂದು ಗೋಡೆಯನ್ನು ಪೂರ್ತಿ ಕ್ಯಾನಿನಲ್ಲೇ ತುಂಬಲು ಹೋದರೆ ತಿಂಗಳ ಕೊನೆಗೆ ಹೋಟೆಲ್ ಊಟ ಬಿಡಬೇಕಾಗುತ್ತದೆ.

ಒಮ್ಮೆ ಹನುಮಂತನಗರದ ಹತ್ತಿರ ಬರೆಯುತ್ತಿದ್ದಾಗ ನಮ್ಮ ಮನೆ ಮಹಡಿ ಮೇಲಿರುವವರೇ ನಡೆದು ಬಂದರು. ದಿನಾ ಮೆಟ್ಟಿಲ ಮೇಲೆ ಸಿಕ್ಕಾಗ ನಗುವವರು, ಆಫೀಸಿಗೆ ರಜಾನಾ ಅಂತ ಕೇಳುವವರು. ಏಣಿಯಿಂದ ಎರಡು ಮಾರು ದೂರದಲ್ಲಿ ಹಾದು, ಬಕೆಟ್ ದಾಟಿ, ಬಣ್ಣ ಪ್ಯಾಂಟಿಗೆ ತಾಗೀತೆಂದು ಕಾಲೆತ್ತಿ ಹೋದರು. ನನ್ನ ಮುಖ ನೋಡಲೇ ಇಲ್ಲ. ನಾನು ಟೋಪಿಯನ್ನೂ ಹಾಕಿರಲಿಲ್ಲ. ಅವತ್ತು ಮೊದಲು ನಗು ಬಂತು, ಸಂಜೆಗೆ ಬೇಜಾರಾಯಿತು. ನಮ್ಮೂರಿನಲ್ಲಿ ಮರೆಯಾಗಲು ಕತ್ತಲೇ ಬೇಕಾಗಿಲ್ಲ, ಬಣ್ಣದ ಕಲೆ ಇರುವ ಶರ್ಟು ಸಾಕು. ಕೈಕೆಲಸ ಮಾಡುವವರ ಮುಖ ನಮಗೆ ಕಾಣಿಸುವುದೇ ಇಲ್ಲ. ನಾನು ಆ ಶರ್ಟನ್ನು ಬೇಕೆಂದೇ ಹಾಕಿಕೊಂಡು ಸಂಜೆ ಬಿಚ್ಚಿಡುತ್ತೇನೆ. ಮೇಸ್ತ್ರಿಗೆ ದಿನಾ ಹಾಕುವ ಶರ್ಟೇ ಅದು.

ಇದು ಹೊಸ ಉಪಾಯವೂ ಅಲ್ಲ. ನ್ಯೂಯಾರ್ಕಿನಲ್ಲಿ ಗೋಡೆಗೋಡೆಯ ಮೇಲೂ ಟಾಕಿ 183 ಅಂತ ಬರೆದು, 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೇ ಸುದ್ದಿಯಾದ ಹುಡುಗ ಮಾಡುತ್ತಿದ್ದುದು ಮೆಸೆಂಜರ್ ಕೆಲಸ. ಕೆಲಸದ ನೆಪದಲ್ಲಿ ಊರೆಲ್ಲ ಸುತ್ತುತ್ತಿದ್ದ, ಹೋದಲ್ಲೆಲ್ಲ ಮಾರ್ಕರ್ ತೆಗೆದು ಬರೆಯುತ್ತಿದ್ದ. 183 ಅನ್ನುವುದು ಅವನು ಇದ್ದ ಬೀದಿಯ ನಂಬರು. ನಮ್ಮಲ್ಲಿ 2010ರಿಂದ ಕಸದ ಮೂಲೆಗಳನ್ನು ಸರಿಮಾಡುತ್ತಿರುವ 'ದಿ ಅಗ್ಲಿ ಇಂಡಿಯನ್' ಗುಂಪಿನವರು ಯಾರು ಅಂತ ಕೇಳಿದರೆ ಹೆಸರು ಹೇಳುವುದಿಲ್ಲ, ಆದರೆ ಕೆಲಸ ಮಾಡುವುದು ಬೆಳ್ಳಂಬೆಳಿಗ್ಗೆ, ಎಲ್ಲರ ಎದುರಿಗೇ. ಗೋಡೆಯ ಕೆಳಭಾಗಕ್ಕೆ ಅವರು ಹೊಡೆಯುವ ಕಾವಿ ಬಣ್ಣದ ಪಟ್ಟೆ ಈಗ ಎಷ್ಟೋ ಬೀದಿಗಳಲ್ಲಿದೆ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಮೊಸಳೆಯ ಪ್ರತಿಕೃತಿ ತಂದಿಟ್ಟ ಕಲಾವಿದ ಬಾದಲ್ ನಂಜುಂಡಸ್ವಾಮಿಯವರದ್ದು ಇದಕ್ಕೆ ಪೂರಾ ಉಲ್ಟಾ. ಜನ ನಿಂತು ನೋಡಿದರೇ ಗುಂಡಿ ಮುಚ್ಚುವುದು. ನನ್ನ ಕೆಲಸಕ್ಕೆ ಬರೆದಿದ್ದು ಕಂಡರೆ ಸಾಕು, ಬರೆದವನು ಕಾಣಬೇಕಿಲ್ಲ.

ಏನು ಬರೆಯುತ್ತೇವೆ ಅನ್ನುವುದಕ್ಕೂ ಗಮನಕ್ಕೆ ಬೀಳುವುದಕ್ಕೂ ನೇರ ಸಂಬಂಧ ಇದೆ. ಓದಲು ಬಾರದ, ತಿರುಚಿದ ಇಂಗ್ಲಿಷ್ ಅಕ್ಷರ ಬರೆದರೆ ಜನ ನಿಲ್ಲುತ್ತಾರೆ, ಏನಿದು ಅಂತ ಅನುಮಾನದಿಂದ ನೋಡುತ್ತಾರೆ. ಕನ್ನಡದಲ್ಲಿ ದಪ್ಪಗೆ 'ಚಿಲ್ರೆ ಕೊಡಿ' ಅಂತ ಬರೆಯಿರಿ, ಓದಿಕೊಂಡು ಹೋಗುತ್ತಾರೆ. ಬಸ್ ಸ್ಟಾಪಿನ ಎದುರಿನ ಗೋಡೆಗೆ ನಾನು ಬರೆದದ್ದು ಅದೇ. ಆಟೋದವರೊಬ್ಬರು ನಿಧಾನ ಮಾಡಿ, "ಏನ್ ಗುರೂ, ಯಾವ್ ಪಿಕ್ಚರ್ದು?" ಅಂದರು. ಹೊಸಬರದ್ದು ಅಂದೆ. "ಟೈಟಲ್ ಚೆನ್ನಾಗೈತೆ" ಅಂತ ಹೇಳಿ ಗೇರ್ ಹಾಕಿದರು. ಇನ್ನೊಂದು ಕಡೆ ಅಜ್ಜಿಯೊಬ್ಬರು ಬಹಳ ಹೊತ್ತು ಗೇಟಿನ ಹತ್ತಿರ ನಿಂತು ನೋಡಿ, ಕೊನೆಗೆ ಕೇಳಿದ್ದು: "ಏನಪ್ಪಾ, ನಮ್ ಗೇಟಿಗೂ ಒಂದ್ ಕೋಟ್ ಹೊಡ್ಕೊಡ್ತೀಯಾ? ಎಷ್ಟಾಗುತ್ತೆ?" ಹೊಡೆದುಕೊಟ್ಟೆ. ಕಾಫಿ ಕೊಟ್ಟರು, ದುಡ್ಡು ಕೊಡಲು ಬಂದರು, ತಗೊಳ್ಳಲಿಲ್ಲ.

ಕನ್ನಡ ಅಕ್ಷರಕ್ಕೆ ಕೈ ಬೇರೆ ಥರ ಓಡಬೇಕು. ಇಂಗ್ಲಿಷ್ ಅಕ್ಷರಗಳನ್ನು ಪಕ್ಕಪಕ್ಕ ಒತ್ತರಿಸಿ ಒಂದರೊಳಗೊಂದು ಸೇರಿಸಬಹುದು. ನಮ್ಮದರಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೊಂಬು ಪಕ್ಕಕ್ಕೆ ಚಾಚುತ್ತದೆ, ಗುಡಿಸು ಮೇಲೆ ಸುತ್ತುತ್ತದೆ. 'ಚಿಲ್ರೆ'ಯ ರ ಒತ್ತಿಗೆ ಜಾಗ ಬಿಡದೆ ಶುರುಮಾಡಿದರೆ ಅದು ಹೋಗಿ ಚರಂಡಿ ಕಲ್ಲಿನ ಮೇಲೆ ಕೂರುತ್ತದೆ. ಅದಕ್ಕೇ ಮೇಸ್ತ್ರಿಯ ದಾರ. ದಾರಕ್ಕೆ ಬಟ್ಟೆಯ ನೀಲಿ ಪುಡಿ ಸವರಿ, ಒಂದು ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಇನ್ನೊಂದನ್ನು ಬಿಗಿಯಾಗಿ ಹಿಡಿದು, ನಡುವೆ ಬೆರಳಲ್ಲಿ ಎಳೆದು ಪಟ್ ಅಂತ ಬಿಡುವುದು. ನೇರ ನೀಲಿ ಗೆರೆ ಬೀಳುತ್ತದೆ. ಮೂರು ಗೆರೆ: ಮೇಲೆ ತಲೆಕಟ್ಟಿಗೆ, ನಡುವೆ ಅಕ್ಷರದ ಬುಡಕ್ಕೆ, ಕೆಳಗೆ ಒತ್ತಿಗೆ. ದುಂಡನೆಯ ಹೊಟ್ಟೆಯನ್ನು ಮಣಿಕಟ್ಟಿನಿಂದ ತಿರುಗಿಸಿದರೆ ಗೆರೆ ನಡುಗುತ್ತದೆ, ಭುಜದಿಂದ ಒಂದೇ ಸಲಕ್ಕೆ ಬರಬೇಕು. ತಲೆಕಟ್ಟು ಕೊನೆಗೆ. ಈ ದಾರ ಹೊಡೆಯುವುದನ್ನು ನೋಡಿದ ಮೇಲೆ ನನ್ನನ್ನು ಯಾರೂ ಪುಂಡ ಅಂದುಕೊಂಡಿಲ್ಲ. ಪುಂಡರು ಅಳತೆ ಮಾಡುವುದಿಲ್ಲ ಅನ್ನುವುದು ಜನರ ನಂಬಿಕೆ.

ದಿನದಲ್ಲಿ ಯಾವ ಹೊತ್ತು ಅನ್ನುವುದಕ್ಕಿಂತ ವರ್ಷದಲ್ಲಿ ಯಾವ ಕಾಲ ಅನ್ನುವುದೇ ಮುಖ್ಯ. ನವೆಂಬರ್ ಹಬ್ಬದ ತಿಂಗಳು. ರಾಜ್ಯೋತ್ಸವಕ್ಕೆ ಕಂಬ, ಕಟ್ಟೆ, ಆಟೋ ಸ್ಟ್ಯಾಂಡಿಗೆಲ್ಲ ಅರಿಶಿನ ಕುಂಕುಮದ ಬಣ್ಣ ಹೊಡೆಯುತ್ತಿರುತ್ತಾರೆ, ಅದರ ನಡುವೆ ಕನ್ನಡ ಬರೆಯುವವನನ್ನು ಮಾತಾಡಿಸುವವರು ಶಹಬ್ಬಾಸ್ ಅನ್ನಲಿಕ್ಕಷ್ಟೇ ಮಾತಾಡಿಸುತ್ತಾರೆ. ಮಳೆಗಾಲದಲ್ಲಿ ಬೆಳಿಗ್ಗೆ ಶುರುಮಾಡಿ ಮಧ್ಯಾಹ್ನಕ್ಕೆ ಮುಗಿಸಬೇಕು, ಸಂಜೆ ಮಳೆ ಗ್ಯಾರಂಟಿ. ಚುನಾವಣೆ ಘೋಷಣೆಯಾದ ದಿನ ಮಾತ್ರ ಬ್ರಷ್ಷು ಎತ್ತಿಡುತ್ತೇನೆ. ನೀತಿಸಂಹಿತೆ ಬಂತೆಂದರೆ ಗೋಡೆಬರಹ ಅಳಿಸುವುದೇ ಅಧಿಕಾರಿಗಳ ಮೊದಲ ಕೆಲಸ. ಆಗ ಬಕೆಟ್ ಹಿಡಿದವನು ಪೇಂಟರ್ ಅಲ್ಲ, ಯಾವುದೋ ಪಾರ್ಟಿಯವನು. 'ಚಿಲ್ರೆ ಕೊಡಿ'ಗೂ ರಾಜಕೀಯ ಅರ್ಥ ಹುಟ್ಟಿಬಿಡುತ್ತದೆ.

ಈಗ ಕಾನೂನು. ಬಿಸಿಲಲ್ಲಿ ಬರೆದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಸಾರ್ವಜನಿಕರಿಗೆ ಕಾಣುವ ಜಾಗಗಳನ್ನು ಅಂದಗೆಡಿಸುವುದರ ವಿರುದ್ಧ 1981ರ ರಾಜ್ಯ ಕಾಯ್ದೆಯೇ ಇದೆ, ಜೈಲು ದಂಡ ಎರಡಕ್ಕೂ ಅವಕಾಶ ಇದೆ. ಮೆಟ್ರೊ ಕಂಬ, ನಿಲ್ದಾಣಕ್ಕೆ ಕೈ ಹಾಕಿದರೆ 2002ರ ಮೆಟ್ರೊ ಕಾಯ್ದೆ ಬೇರೆ. ಹಾಗಾಗಿ ನಾನು ಗೋಡೆಯ ಯಜಮಾನರನ್ನು ಕೇಳಿಯೇ ಬರೆಯುವುದು. ಇದನ್ನು ಕೇಳಿದರೆ ಕೆಲವು ಹುಡುಗರಿಗೆ ನಾನು ಗ್ರಾಫಿಟಿಯವನೇ ಅಲ್ಲ ಅನ್ನಿಸುತ್ತದೆ. ಅನ್ನಿಸಲಿ. ಗುಜರಿಯವರು, ಗ್ಯಾರೇಜಿನವರು, ಕಟ್ಟಡ ಕೆಡವಿ ಸುತ್ತ ತಗಡು ನಿಲ್ಲಿಸಿರುವ ಕಂಟ್ರಾಕ್ಟರುಗಳು, ಇವರು ಬೇಗ ಒಪ್ಪುತ್ತಾರೆ. ಜನ ಉಚ್ಚೆ ಹೊಯ್ಯುವ ಗೋಡೆಯವರು ಕೈ ಮುಗಿದು ಕರೆಯುತ್ತಾರೆ, ದೇವರ ಟೈಲ್ಸ್ ಹಾಕಿ ಹಾಕಿ ಸಾಕಾಗಿರುತ್ತದೆ. ಅಂಥ ಕಡೆ ಮೊದಲ ಎರಡು ಬಕೆಟ್ ಬಣ್ಣದ್ದಲ್ಲ, ಫಿನಾಯಿಲ್ ನೀರಿನದ್ದು. ಹಳೇ ಕಲ್ಲುಕಟ್ಟಡ, ದೇವಸ್ಥಾನ, ಶಾಲೆಯ ಕಾಂಪೌಂಡು, ಇನ್ನೊಬ್ಬ ಬೋರ್ಡ್ ಮೇಸ್ತ್ರಿ ಕೈಯಲ್ಲಿ ಬರೆದ ಅಂಗಡಿ ಹೆಸರು, ಇವನ್ನು ಯಾರು ಒಪ್ಪಿದರೂ ಮುಟ್ಟುವುದಿಲ್ಲ.

ಒಪ್ಪಿಗೆ ಇದ್ದರೆ ಮತ್ತೆ ಗುಟ್ಟು ಯಾಕೆ? ಯಜಮಾನ ಒಪ್ಪಿರುತ್ತಾನೆ, ಬೀದಿ ಒಪ್ಪಿರುವುದಿಲ್ಲ. ಪಕ್ಕದ ಮನೆಯವರು, ಸಂಘದವರು, ಎದುರಿನ ಅಂಗಡಿಯವರು ಒಬ್ಬೊಬ್ಬರೂ ಬಂದು ಸಲಹೆ ಕೊಡಲು ಶುರುಮಾಡಿದರೆ 'ಚಿಲ್ರೆ ಕೊಡಿ' ಹೋಗಿ 'ನೀರು ಉಳಿಸಿ' ಆಗಿಬಿಡುತ್ತದೆ. ಪೇಂಟರ್‌ಗೆ ಯಾರೂ ಸಲಹೆ ಕೊಡುವುದಿಲ್ಲ, ಯಾರೋ ಹೇಳಿದ್ದನ್ನು ಬರೆಯುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ಪೊಲೀಸರು ಕೇಳುವುದೂ ಅದನ್ನೇ. ಬೈಕ್ ನಿಲ್ಲಿಸಿದ ಕಾನ್ಸ್‌ಟೆಬಲ್ ಒಬ್ಬರು, "ಯಾರಪ್ಪಾ ಹೇಳಿದ್ದು ಇದನ್ನ ಬರಿಯಕ್ಕೆ?" ಅಂದರು. "ಗ್ಯಾರೇಜ್ ಓನರ್ ಸಾರ್, ಒಳಗಡೆ ಇದಾರೆ." ಅವರು ಒಳಗೆ ಹೋಗಲಿಲ್ಲ. ಗೋಡೆಯನ್ನೇ ಸ್ವಲ್ಪ ಹೊತ್ತು ನೋಡಿ, "ಆ ಲ ಸ್ವಲ್ಪ ಸೊಟ್ಟ ಬಂದಿದೆ ನೋಡು" ಅಂದರು. ನಿಜಕ್ಕೂ ಸೊಟ್ಟ ಬಂದಿತ್ತು. ಏಣಿ ಹತ್ತಿ ಸರಿಮಾಡುವವರೆಗೂ ನಿಂತಿದ್ದು ಆಮೇಲೆ ಹೊರಟರು.

ಮುಗಿದ ತಕ್ಷಣ ಫೋಟೊ ತೆಗೆದುಕೊಳ್ಳಬೇಕು, ನಾಳೆ ತೆಗೀತೀನಿ ಅಂತ ಬಿಡಬಾರದು. ಹೊಸದಾಗಿ ಬಿಳಿ ಹೊಡೆದ ಗೋಡೆ ಸಿಕ್ಕಿತು ಅಂದರೆ ಪೇಯಿಂಗ್ ಗೆಸ್ಟ್, ಟ್ಯೂಷನ್, ಪೈಲ್ಸ್ ಚಿಕಿತ್ಸೆ ಪೋಸ್ಟರಿನವರು ಬರಲು ತಡವಾಗುವುದಿಲ್ಲ. ಅವರು ಮಾತ್ರ ರಾತ್ರಿಯೇ ಬರುತ್ತಾರೆ, ಯಾರೂ ಅವರನ್ನು ಹಿಡಿದಿದ್ದು ನಾನಂತೂ ನೋಡಿಲ್ಲ.