ಮನೆಯಲ್ಲಿ ನುಡಿಸಲು ಹಳೆಯ ಟ್ಯೂಬ್ ಆಂಪ್: ನಾನು ಆರಿಸುವ ಬಗೆ

ಹಳೆಯ ಗಿಟಾರ್ ಆಂಪ್ ಕೊಳ್ಳುವಾಗ ನಾನು ದುಡ್ಡು ಕೊಡುವುದು ಮೂರೇ ವಸ್ತುಗಳಿಗೆ: ಗೋಡೆಯ ಕರೆಂಟನ್ನು ಆಂಪಿಗೆ ಬೇಕಾದ ವೋಲ್ಟೇಜಿಗೆ ಬದಲಿಸುವ ಪವರ್ ಟ್ರಾನ್ಸ್‌ಫಾರ್ಮರ್, ಟ್ಯೂಬನ್ನು ಸ್ಪೀಕರಿಗೆ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್. ಕೆಪಾಸಿಟರು, ರೆಸಿಸ್ಟರು, ವೈರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಸದ್ದು ಹಿಗ್ಗಿಸುವ ಗಾಜಿನ ಟ್ಯೂಬುಗಳನ್ನು (ವಾಲ್ವು) ತರಿಸಿಕೊಳ್ಳಬಹುದು. ಈ ಮೂರು ಮಾತ್ರ ಹೋದರೆ ಅದೇ ಧ್ವನಿ ಮತ್ತೆ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಹೊಸ ಆಂಪಿನ ಹತ್ತಿರ ಹೋಗುತ್ತದೆ. ಹಾಗಾಗಿ ಮೇಲಿನ ಬಟ್ಟೆ ಹರಿದಿದೆ, ನಾಬ್ ಒಡೆದಿದೆ ಎಂಬ ಆಂಪುಗಳನ್ನು ನಾನು ಖುಷಿಯಿಂದ ನೋಡುತ್ತೇನೆ. ಒಳಗೆ ಕೈಯಾಡಿಸಿ ಹೊರಗೆ ಪಾಲಿಶ್ ಮಾಡಿದವುಗಳ ಬಗ್ಗೆಯೇ ಅನುಮಾನ.

ಮೊದಲು ವಾಟ್ ಲೆಕ್ಕ. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ಸದ್ದು ಇಮ್ಮಡಿ ಎನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. 5 ವಾಟಿನ ಆಂಪು 50 ವಾಟಿನದಕ್ಕಿಂತ ಹತ್ತರಷ್ಟು ಮೆತ್ತಗಿರುವುದಿಲ್ಲ, ಅರ್ಧದಷ್ಟು ಮೆತ್ತಗಿರುತ್ತದೆ, ಅಷ್ಟೇ. 1 ವಾಟಿಗೆ 92 ಡೆಸಿಬಲ್ ಕೊಡುವ ಎಂಟು ಇಂಚಿನ ಸ್ಪೀಕರಿಗೆ 5 ವಾಟ್ ಹಾಕಿದರೆ ಒಂದು ಮೀಟರ್ ದೂರದಲ್ಲಿ 99 ಡೆಸಿಬಲ್. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು ಬಾಗಿಲು ತಟ್ಟಲು ಇಷ್ಟು ಸಾಕು. ಸ್ಪೀಕರ್ 97 ಡೆಸಿಬಲಿನದಾದರೆ ಅದೇ ಆಂಪು ಮೂರು ಪಟ್ಟು ವಾಟ್ ಹೆಚ್ಚಿದಷ್ಟು ಜೋರಾಗುತ್ತದೆ. ಆದ್ದರಿಂದ ಮನೆಗೆ ಆಂಪ್ ಹುಡುಕುವವರು ವಾಟ್ ಎಷ್ಟು ಎಂದು ಕೇಳಿದಷ್ಟೇ ಗಟ್ಟಿಯಾಗಿ ಸ್ಪೀಕರಿನ ಸೆನ್ಸಿಟಿವಿಟಿ (1 ವಾಟಿಗೆ ಕೊಡುವ ಡೆಸಿಬಲ್) ಎಷ್ಟು ಎಂದೂ ಕೇಳಬೇಕು.

ಹೀಗೆ ಸೋಸಿದ ಮೇಲೆ ಕೈಯಲ್ಲಿ ಉಳಿಯುವ ಹೆಸರುಗಳು ಕಡಿಮೆ. ಫೆಂಡರ್ ಚಾಂಪ್ ಮೊದಲನೆಯದು: ಗಿಟಾರಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಒಂದು 12ಎಎಕ್ಸ್7 ಟ್ಯೂಬು, ಸ್ಪೀಕರ್ ಓಡಿಸುವ ಒಂದು 6ವಿ6, ಎಸಿಯನ್ನು ಡಿಸಿ ಮಾಡುವ ಒಂದು 5ವೈ3 ರೆಕ್ಟಿಫೈಯರ್, ಎಂಟು ಇಂಚಿನ ಸ್ಪೀಕರ್, ಸುಮಾರು 5 ವಾಟ್. 1950ರ ದಶಕದ ಟ್ವೀಡ್ ಬಟ್ಟೆಯ 5ಎಫ್1 ಸರ್ಕ್ಯೂಟಿನಲ್ಲಿ ಇರುವುದು ವಾಲ್ಯೂಮ್ ನಾಬ್ ಒಂದೇ. ಅದು ಈಗ ಸಂಗ್ರಹಕಾರರ ಪಾಲು. 1968ರ ನಂತರದ ಬೆಳ್ಳಿ ಮುಖದ (ನಾಬ್ ಪಟ್ಟಿ ಬೆಳ್ಳಿ ಬಣ್ಣದ) ಚಾಂಪಿಗೆ ಬೇಸ್, ಟ್ರೆಬಲ್ ಇವೆ. ವೈಬ್ರೊ ಚಾಂಪಿಗೆ ಟ್ರೆಮೊಲೊ, ಅಂದರೆ ಸದ್ದು ಅಲೆಯಂತೆ ಏರಿಳಿಯುವ ಪರಿಣಾಮ, ಸೇರುತ್ತದೆ. ಬೆಳ್ಳಿ ಮುಖದ ಚಾಂಪೇ ನನ್ನ ಮೊದಲ ಆಯ್ಕೆ, ಏಕೆಂದರೆ ಹೊರೆ ಕಡಿಮೆ, ಒಳಗೆ ಕೆಡುವ ಭಾಗ ಕಡಿಮೆ. ರಿವರ್ಬ್ (ದೊಡ್ಡ ಕೋಣೆಯಂಥ ಅನುರಣನ) ಬೇಕೇ ಬೇಕು ಎನ್ನುವವರಿಗೆ ಪ್ರಿನ್ಸ್‌ಟನ್ ರಿವರ್ಬ್: ಎರಡು 6ವಿ6, ಹತ್ತು ಇಂಚಿನ ಸ್ಪೀಕರ್, 12 ವಾಟ್. ಟ್ವಿನ್ ರಿವರ್ಬ್ ಅಗ್ಗಕ್ಕೆ ಸಿಕ್ಕಿತೆಂದು ಮನೆಗೆ ತರಬೇಡಿ. 85 ವಾಟ್, 29 ಕಿಲೋ. ವಾಲ್ಯೂಮ್ 2 ದಾಟುವುದಿಲ್ಲ, ಆಂಪಿನ ಅರ್ಧ ಗುಣ ಕೇಳುವುದೇ ಇಲ್ಲ.

ಇಂಗ್ಲೆಂಡಿನ ಹಳೆಯ ಚಿಕ್ಕ ಆಂಪುಗಳಿಂದ ನಮಗೊಂದು ಲಾಭವಿದೆ. ವಾಕ್ಸ್ ಎಸಿ4, ವಾಟ್ಕಿನ್ಸ್ ಡಾಮಿನೇಟರ್‌ಗಳು ಅಲ್ಲಿನ 240 ವೋಲ್ಟ್, 50 ಹರ್ಟ್ಸ್ ಕರೆಂಟಿಗೆ ಮಾಡಿದವು, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಡ. ಎರಡರಲ್ಲೂ ಔಟ್‌ಪುಟ್ ಟ್ಯೂಬು ಇಎಲ್84. ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ಇದೇ ಟ್ಯೂಬನ್ನು ಮಾಡುತ್ತಿತ್ತು. ಹಳೆಯ ರೇಡಿಯೊ ರಿಪೇರಿ ಅಂಗಡಿಯಲ್ಲಿ ‘ವಾಲ್ವು’ ಎಂದು ಕೇಳಿದರೆ ಇವತ್ತಿಗೂ ಒಮ್ಮೊಮ್ಮೆ ಡಬ್ಬದ ತಳದಿಂದ ಎದ್ದು ಬರುತ್ತದೆ.

ಅಮೆರಿಕದ ಆಂಪ್ ಆದರೆ ಕರೆಂಟಿನ ವಿಷಯದಲ್ಲಿ ಅವಸರ ಸಲ್ಲದು. ಅಲ್ಲಿನದು 60 ಹರ್ಟ್ಸ್, ನಮ್ಮದು 50. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಮೇಲೆ ಬೀಳುವ ಹೊರೆ ವೋಲ್ಟೇಜನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದಷ್ಟು. 120 ವೋಲ್ಟನ್ನೇ ಇಲ್ಲಿ ಕೊಟ್ಟರೆ ಹೊರೆ ಶೇ. 20 ಏರಿ ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ಅದಕ್ಕೇ ನಾನು ಸ್ಟೆಪ್‌ಡೌನಿನಲ್ಲಿ 110 ವೋಲ್ಟಿನ ಟ್ಯಾಪ್ ಆರಿಸುತ್ತೇನೆ, ಆ ಏರಿಕೆ ಶೇ. 10ಕ್ಕೆ ಇಳಿಯುತ್ತದೆ. 117 ವೋಲ್ಟಿಗೆ 6.3 ವೋಲ್ಟ್ ಪಡೆಯಬೇಕಾದ ಹೀಟರಿಗೆ (ಟ್ಯೂಬನ್ನು ಒಳಗಿನಿಂದ ಕಾಯಿಸುವ ತಂತಿ) ಆಗ ಸಿಗುವುದು 5.9 ವೋಲ್ಟ್. ಶೇ. 10 ಆಚೆ ಈಚೆ ಟ್ಯೂಬಿಗೆ ಅಡ್ಡಿಯಿಲ್ಲ. ಚಾಂಪಿಗೆ 150 ವಿಎ, ಪ್ರಿನ್ಸ್‌ಟನ್‌ಗೆ 300 ವಿಎ ಸ್ಟೆಪ್‌ಡೌನ್ ಸಾಕು. ಎಡವಟ್ಟಾಗುವುದು ಬೇರೆ ಕಡೆ: ಅಗ್ಗದ ಸ್ಟೆಪ್‌ಡೌನ್ ಡಬ್ಬಗಳ ಹೊರಬದಿಯಲ್ಲಿ ಎರಡೇ ತೂತಿನ ಸಾಕೆಟ್ ಇರುತ್ತದೆ, ಅರ್ಥಿಂಗ್ ಅಲ್ಲಿಗೇ ಕಡಿಯುತ್ತದೆ. ಆಂಪಿನ ಷಾಸಿಯಿಂದ (ಒಳಗಿನ ಲೋಹದ ಚೌಕಟ್ಟು) ಗೋಡೆ ಪ್ಲಗ್ಗಿನ ದಪ್ಪ ಪಿನ್ನಿನವರೆಗೆ ಮೀಟರ್ ಹಿಡಿದು ನೋಡಿ, 1 ಓಮಿಗಿಂತ ಕಡಿಮೆ ಬರಬೇಕು. ಗೋಡೆಯ ಸಾಕೆಟ್ಟಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ 230 ಬರುತ್ತದೋ ಎಂಬುದನ್ನೂ ನೋಡಿ. ಹಳೆಯ ಬಾಡಿಗೆ ಮನೆಗಳಲ್ಲಿ ಆ ಮೂರನೇ ತೂತು ಎಷ್ಟೋ ಸಲ ಅಲಂಕಾರಕ್ಕೆ ಮಾತ್ರ.

ಎರಡು ಪಿನ್ನಿನ ಮೂಲ ವೈರು ಇನ್ನೂ ಇದ್ದರೆ ಅದು ಅಪರೂಪದ್ದು ಎಂದು ಉಳಿಸಿಕೊಳ್ಳಬೇಡಿ. ಕರೆಂಟಿನ ಒಂದು ತಂತಿಯಿಂದ ಷಾಸಿಗೆ 0.047 ಮೈಕ್ರೊಫ್ಯಾರಡ್, 600 ವೋಲ್ಟಿನ ಕೆಪಾಸಿಟರ್ ಒಂದು ಕೂತಿರುತ್ತದೆ. ಅದು ಶಾರ್ಟಾದರೆ ಗಿಟಾರಿನ ತಂತಿಯೇ ಫೇಸ್. ಆ ಕೆಪಾಸಿಟರನ್ನು ಕತ್ತರಿಸಿ ತೆಗೆಯಿರಿ, ಮೂರು ಪಿನ್ನಿನ ವೈರು ಹಾಕಿ. ಫೇಸ್ ಮೊದಲು ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ. ಅರ್ಥ್ ಷಾಸಿಗೆ ತನ್ನದೇ ಬೋಲ್ಟಿನಲ್ಲಿ, ಉಳಿದೆರಡಕ್ಕಿಂತ ಉದ್ದ ಬಿಟ್ಟು. ಎಳೆದಾಟದಲ್ಲಿ ಕಡೆಗೆ ಕಿತ್ತುಬರುವುದು ಅದೇ ಆಗಿರಲಿ.

ಪವರ್ ಟ್ರಾನ್ಸ್‌ಫಾರ್ಮರೇ ಇಲ್ಲದ ಆಂಪುಗಳನ್ನು ಮುಟ್ಟಲೇಬೇಡಿ. ಒಳಗೆ 50ಸಿ5, 35ಡಬ್ಲ್ಯೂ4, 12ಎಯು6 ಎಂಬ ಹೆಸರು ಕಂಡರೆ ಹೀಟರುಗಳೆಲ್ಲ ಸಾಲಾಗಿ ನೇರವಾಗಿ ಗೋಡೆಯ ಕರೆಂಟಿಗೇ ಸೇರಿವೆ ಎಂದರ್ಥ. ನಮ್ಮ ಹಳೆಯ ರೇಡಿಯೊಗಳನ್ನು ಗಿಟಾರಿಗೆ ಒಗ್ಗಿಸುವವರಿಗೂ ಇದೇ ಮಾತು: ಟ್ಯೂಬಿನ ಹೆಸರು ‘ಇ’ಯಿಂದ ಶುರುವಾದರೆ 6.3 ವೋಲ್ಟಿನ ಹೀಟರ್. ‘ಯು’ದಿಂದ ಶುರುವಾದರೆ, ಅಂದರೆ ಯುಸಿಎಲ್82, ಯುವೈ85ರಂಥವು, ಷಾಸಿಯಲ್ಲೇ ಕರೆಂಟ್ ಇರುವ ಸಾಧ್ಯತೆ ಹೆಚ್ಚು.

ಈಗ ಪರೀಕ್ಷೆ. ಮಾರುವವರು “ಆನ್ ಆಗುತ್ತೆ, ಸೌಂಡ್ ಬರುತ್ತೆ” ಅಂದರೆ ಸಾಲದು. ವರ್ಷಗಟ್ಟಲೆ ಆಫ್ ಇದ್ದ ಆಂಪಿಗೆ ನಾನು 60 ವಾಟಿನ ಹಳೆಯ ಕಾಲದ ಫಿಲಮೆಂಟ್ ಬಲ್ಬನ್ನು, ಸ್ಟೆಪ್‌ಡೌನಿಗೂ ಮೊದಲು, ಸೀರೀಸಿನಲ್ಲಿ ಹಾಕುತ್ತೇನೆ. ಎಲ್‌ಇಡಿ ಬಲ್ಬ್ ಇದಕ್ಕಾಗದು. ಎಲ್ಲ ಟ್ಯೂಬ್ ಕಿತ್ತು ಸ್ವಿಚ್ ಒತ್ತಿದಾಗ ಬಲ್ಬ್ ಒಮ್ಮೆ ಮಿನುಗಿ ಹೆಚ್ಚುಕಡಿಮೆ ಆರಬೇಕು. ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ಪವರ್ ಟ್ರಾನ್ಸ್‌ಫಾರ್ಮರಿನೊಳಗೆ ಶಾರ್ಟ್; ಅಲ್ಲಿಗೆ ಮಾತು ಮುಗಿಯಿತು. ಆಮೇಲೆ 12ಎಎಕ್ಸ್7, 6ವಿ6 ಹಾಕಿ. ಹೀಟರ್ ಬಿಸಿಯಾಗುವಾಗ ಬಲ್ಬ್ ತುಸು ಹೆಚ್ಚಿ ಮಂದವಾಗುತ್ತದೆ. ಸ್ಪೀಕರ್ ಸೇರಿಸಿ ಕೊನೆಗೆ 5ವೈ3. ಆಗ ಮಾತ್ರ ಬಲ್ಬ್ ಜೋರಾದರೆ ಡಿಸಿಯನ್ನು ನಯಗೊಳಿಸುವ ಫಿಲ್ಟರ್ ಕೆಪಾಸಿಟರ್ ಹೋಗಿದೆ, ಅದು ಸಣ್ಣ ರಿಪೇರಿ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಕರೆಂಟೇ ಇಲ್ಲದೆ ನೋಡಬಹುದು. ಆಂಪ್ ಆಫ್ ಮಾಡಿ, 12ಎಎಕ್ಸ್7ನ 1ನೇ ಪಿನ್ನಿನಿಂದ ಷಾಸಿಗೆ ಕ್ಲಿಪ್ ವೈರ್ ಹಾಕಿ ಒಂದೆರಡು ನಿಮಿಷ ಬಿಡಿ. ಆ ಪಿನ್ನಿಗೆ ಸೇರಿದ 100 ಕಿಲೋಓಮಿನ ಪ್ಲೇಟ್ ರೆಸಿಸ್ಟರಿನ ಮೂಲಕ ಫಿಲ್ಟರ್ ಕೆಪಾಸಿಟರುಗಳು ಖಾಲಿಯಾಗುತ್ತವೆ. ಆದರೂ ಮೀಟರಿನಲ್ಲಿ ಸೊನ್ನೆ ನೋಡದೆ ಕೈ ಹಾಕಬೇಡಿ, 350 ವೋಲ್ಟ್ ಅಲ್ಲಿ ನಿಂತಿರುತ್ತದೆ. ಬಳಿಕ 6ವಿ6 ಕಿತ್ತು, ಸ್ಪೀಕರ್ ಬಿಚ್ಚಿ, ಸ್ಪೀಕರ್ ತಂತಿಗಳಿಗೆ ಮೊಬೈಲಿನ ಹೆಡ್‌ಫೋನ್ ತೂತಿನಿಂದ 400 ಹರ್ಟ್ಸ್ ಟೋನ್ 0.2 ವೋಲ್ಟ್ ಕೊಡಿ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ ನೀಲಿ, ಕೆಂಪು ತಂತಿಗಳ ನಡುವೆ 8 ವೋಲ್ಟ್ ಆಸುಪಾಸು ಎಸಿ ಬರಬೇಕು. ಚಾಂಪಿನ ಟ್ರಾನ್ಸ್‌ಫಾರ್ಮರ್ ಸರಿಸುಮಾರು 40ಕ್ಕೆ 1ರ ಅನುಪಾತದ್ದು. ಒಂದೆರಡು ವೋಲ್ಟ್ ಮಾತ್ರ ಬಂದರೆ ಸುರುಳಿ ಒಳಗೇ ಸುಟ್ಟಿದೆ. ಒಂದು ಎಚ್ಚರ: ಶಾರ್ಟಿಂಗ್ ಜ್ಯಾಕ್ ಇರುವ ಆಂಪಿನಲ್ಲಿ ಸ್ಪೀಕರ್ ಪ್ಲಗ್ ಕಿತ್ತೊಡನೆ ಜ್ಯಾಕ್ ತಾನೇ ಶಾರ್ಟ್ ಆಗುತ್ತದೆ. ಖಾಲಿ ಪ್ಲಗ್ಗೊಂದನ್ನು ಅದಕ್ಕೆ ತೂರಿಸದೆ ಅಳೆದರೆ ಒಳ್ಳೆಯ ಟ್ರಾನ್ಸ್‌ಫಾರ್ಮರೂ ಸತ್ತಂತೆಯೇ ಕಾಣುತ್ತದೆ.

ಸ್ಪೀಕರಿಗೆ ಇಷ್ಟು ಕಷ್ಟವಿಲ್ಲ. 4 ಓಮಿನದು ಮೀಟರಿನಲ್ಲಿ 3.2ರ ಹತ್ತಿರ, 8 ಓಮಿನದು 6ರಿಂದ 7 ತೋರಿಸಬೇಕು. ಕೋನನ್ನು ಎರಡೂ ಕೈಯ ಬೆರಳುಗಳಿಂದ ಸಮನಾಗಿ ಒತ್ತಿ. ಗೀರಿದ ಸದ್ದು ಬಂದರೆ ಒಳಗಿನ ಕಾಯಿಲ್ ಮ್ಯಾಗ್ನೆಟ್ಟಿಗೆ ತಗಲುತ್ತಿದೆ. ಅಂಚಿನ ಚಿಕ್ಕ ಹರಕಿಗೆ ಟಿಶ್ಯೂ ಕಾಗದ, ನೀರು ಬೆರೆಸಿದ ಫೆವಿಕಾಲ್ ಸಾಕು.

ಓಡುತ್ತಿರುವ ಚಾಂಪಿನಲ್ಲಿ ನಾನು ತಪ್ಪದೆ ಅಳೆಯುವುದು 6ವಿ6ನ 5ನೇ ಪಿನ್, ಅಂದರೆ ಸಿಗ್ನಲ್ ಒಳಬರುವ ಗ್ರಿಡ್. ಅಲ್ಲಿ ಡಿಸಿ ಸೊನ್ನೆ ಇರಬೇಕು. ಅರ್ಧ ವೋಲ್ಟ್ ಪ್ಲಸ್ ಕಂಡರೂ ಏನೋ ಸೋರುತ್ತಿದೆ. 6ವಿ6 ಕಿತ್ತು ಮತ್ತೆ ಅಳೆಯಿರಿ: ವೋಲ್ಟ್ ಹಾಗೇ ಉಳಿದರೆ ಹಿಂದಿನ ಟ್ಯೂಬಿನಿಂದ ಸಿಗ್ನಲ್ ತರುವ ಕಪ್ಲಿಂಗ್ ಕೆಪಾಸಿಟರ್, ಮಾಯವಾದರೆ ಟ್ಯೂಬಿನೊಳಗೆ ಗ್ಯಾಸು. ಆಮೇಲೆ 8ನೇ ಪಿನ್, ಕ್ಯಾಥೋಡ್. ಅಲ್ಲಿನ 470 ಓಮಿನ ರೆಸಿಸ್ಟರಿನ ಮೇಲೆ 19 ವೋಲ್ಟ್ ಸಿಕ್ಕರೆ ಟ್ಯೂಬಿನಲ್ಲಿ ಹರಿಯುತ್ತಿರುವುದು 40 ಮಿಲಿಆಂಪ್. ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 320 ವೋಲ್ಟ್ ಇದ್ದರೆ 12.8 ವಾಟ್, ಅದರಲ್ಲಿ ಸ್ಕ್ರೀನಿನ ಪಾಲು ಕಳೆದರೆ 12ರ ಹತ್ತಿರ, 6ವಿ6ಗೆ ಅದೇ ಮಿತಿ. 25 ವೋಲ್ಟ್ ಕಂಡರೆ ಟ್ಯೂಬನ್ನು ಬೇಯಿಸುತ್ತಿದ್ದೀರಿ. ಮೊದಲು 470 ಓಮಿನ ಆ ರೆಸಿಸ್ಟರನ್ನೇ ಅಳೆಯಿರಿ, ಬೆಲೆ ಜರುಗಿರಬಹುದು.

ಗುಂಯ್ ಸದ್ದಿನ ಮೂಲ ಹುಡುಕಲು ಗಿಟಾರೇ ಸಾಕು. ಫಿಲ್ಟರ್ ಕೆಪಾಸಿಟರ್ ಒಣಗಿದ್ದರೆ ನಮ್ಮಲ್ಲಿ ಬರುವುದು 100 ಹರ್ಟ್ಸ್: ಆರನೇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ, 98 ಹರ್ಟ್ಸ್, ಅದಕ್ಕೆ ಸರಿಯಾಗಿ ಕೂರುತ್ತದೆ. ಅದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದರೆ 50 ಹರ್ಟ್ಸ್, ಹೀಟರ್ ವೈರಿಂಗಿನಿಂದಲೋ ಕೆಟ್ಟ ಗ್ರೌಂಡಿನಿಂದಲೋ ಬಂದದ್ದು. ಅಮೆರಿಕದವರು ಇದಕ್ಕೆ ಬಿ ಸ್ವರ ಹೇಳುತ್ತಾರೆ, ಅವರದು 120 ಹರ್ಟ್ಸ್. ಅಲ್ಲಿನ ಸಲಹೆಯನ್ನು ಇಲ್ಲಿ ಹಾಗೇ ನಂಬಿದರೆ ದಾರಿ ತಪ್ಪುತ್ತದೆ. ಮೂವತ್ತು ವರ್ಷ ದಾಟಿದ ಫಿಲ್ಟರ್ ಕೆಪಾಸಿಟರುಗಳನ್ನು ಸದ್ದು ಬರಲಿ ಬಿಡಲಿ ನಾನು ಬದಲಿಸುತ್ತೇನೆ. ಪ್ರಿನ್ಸ್‌ಟನ್‌ನಲ್ಲಿ ಒಂದೇ ಡಬ್ಬಿಯಲ್ಲಿ 20 ಮೈಕ್ರೊಫ್ಯಾರಡಿನ ನಾಲ್ಕು ಇರುತ್ತವೆ, 475 ವೋಲ್ಟಿನವು. ಬಿಡಿಯಾಗಿ ಹಾಕುವುದಾದರೆ 22 ಮೈಕ್ರೊಫ್ಯಾರಡ್, 500 ವೋಲ್ಟ್.

ಮಂಗಳೂರು, ಉಡುಪಿ ಕಡೆ ಇದ್ದವರಿಗೆ ಇನ್ನೊಂದು ಕಾಟ. ಫೆಂಡರಿನ ಕಪ್ಪು ಫೈಬರ್ ಬೋರ್ಡ್ ಮಳೆಗಾಲದ ತೇವ ಹೀರಿ ತಾನೇ ಕರೆಂಟ್ ಹರಿಸಲು ಶುರುಮಾಡುತ್ತದೆ. ಚರಚರ ಸದ್ದು, ಟ್ಯೂಬ್ ಬದಲಿಸಿದರೂ ಹೋಗದು, ರೆಸಿಸ್ಟರ್ ಬದಲಿಸಿದರೂ ಹೋಗದು. ಮೀಟರಿನ ಕಪ್ಪು ಕಡ್ಡಿ ಷಾಸಿಗೆ ಇಟ್ಟು, ಕೆಂಪು ಕಡ್ಡಿಯ ಮೊನೆಯನ್ನು ಬೋರ್ಡಿನ ಖಾಲಿ ಜಾಗಕ್ಕೆ ಒತ್ತಿ. ಯಾವ ಬೆಸುಗೆಯೂ ಇಲ್ಲದ ಕಡೆ ಹತ್ತಿಪ್ಪತ್ತು ವೋಲ್ಟ್ ಕಂಡರೆ ಕಳ್ಳ ಸಿಕ್ಕ. ಆಂಪ್ ಆಫ್ ಮಾಡಿ, ಕೆಪಾಸಿಟರ್ ಖಾಲಿ ಮಾಡಿ, ಹೇರ್ ಡ್ರೈಯರಿನಿಂದ ಅರ್ಧ ಗಂಟೆ ಕಾಯಿಸಿ ಮತ್ತೆ ಅಳೆಯಿರಿ. ಇಳಿಯದಿದ್ದರೆ 12ಎಎಕ್ಸ್7ನ ಗ್ರಿಡ್ಡಿಗೆ ಹೋಗುವ ತಂತಿಗಳನ್ನು ಬೋರ್ಡಿನಿಂದ ಎತ್ತಿ ಗಾಳಿಯಲ್ಲೇ ಸೇರಿಸಬೇಕು. ಬೆಳ್ಳಿ ಮುಖದ ಆಂಪುಗಳ ಸ್ಪೀಕರ್ ಹಲಗೆ ಮರದ ಪುಡಿಯದು, ತೇವಕ್ಕೆ ಉಬ್ಬಿ ಸ್ಕ್ರೂ ಹಿಡಿಯುವುದಿಲ್ಲ. ಅದನ್ನೂ ಬೆರಳಿನಿಂದ ಒತ್ತಿ ನೋಡಿ.

ರಿವರ್ಬ್ ಸತ್ತಿದೆ ಎಂದು ಬೆಲೆ ಇಳಿಸಿದ ಪ್ರಿನ್ಸ್‌ಟನ್ ಸಿಕ್ಕರೆ ಬಿಡಬೇಡಿ. ರಿವರ್ಬ್ ಹುಟ್ಟಿಸುವ ಸ್ಪ್ರಿಂಗ್ ಟ್ಯಾಂಕಿನ ಇನ್‌ಪುಟ್ ಬದಿ ಸುಮಾರು 0.8 ಓಮ್, ಔಟ್‌ಪುಟ್ ಬದಿ 200 ಓಮ್ ತೋರಿಸಬೇಕು. ಯಾವುದಾದರೂ ಬದಿ ಏನೂ ತೋರಿಸದಿದ್ದರೆ ಕೂದಲೆಳೆಯಂಥ ತಂತಿಯೊಂದು ಕಡಿದಿರುತ್ತದೆ, ಬಹಳ ಸಲ ಟರ್ಮಿನಲ್ಲಿನ ಬುಡದಲ್ಲೇ.

ಮನೆಗೆ ಬಂದ ಮೇಲೆ ಸದ್ದು ಪಳಗಿಸಲು ನಾನು ಅಟೆನ್ಯುಯೇಟರಿಗಿಂತ (ಆಂಪಿಗೂ ಸ್ಪೀಕರಿಗೂ ನಡುವೆ ಸದ್ದು ತಗ್ಗಿಸುವ ಡಬ್ಬ) ಮೊದಲು 12ಎಎಕ್ಸ್7 ತೆಗೆದು 12ಎವೈ7 ಹಾಕುತ್ತೇನೆ. ಮೊದಲನೆಯದರ ಗೇನ್ 100, ಇದರದು 44. ವಾಲ್ಯೂಮ್ ನಾಬ್ 2ಕ್ಕೇ ಕಿರುಚುವ ಬದಲು 4, 5ರವರೆಗೆ ಬೆರಳಿನ ಹಿಡಿತಕ್ಕೆ ಸಿಗುತ್ತದೆ. ಜೋರು ಮಾಡಿದಾಗ ಸ್ವರ ಒಡೆದಂತೆ ಬರುವ ಗರಗರ ಇದರಿಂದ ಕಡಿಮೆಯಾಗುತ್ತದೆ. ಅದೇ ಬೇಕೆಂದರೆ ಹಳೆಯ ಟ್ಯೂಬನ್ನೇ ಇಟ್ಟುಕೊಂಡು ಅಟೆನ್ಯುಯೇಟರ್ ಕೊಳ್ಳಿ, ಓಮ್ ಸ್ಪೀಕರಿಗೆ ಹೊಂದುವಂಥದ್ದು. ಚಾಂಪಿನಲ್ಲಿ ಬೇಸ್ 3, ಟ್ರೆಬಲ್ 6ರಿಂದ ಶುರುಮಾಡಿ. ಬೇಸ್ 5 ದಾಟಿದರೆ ಎಂಟು ಇಂಚಿನ ಸ್ಪೀಕರ್ ಬುರಬುರ ಅನ್ನುತ್ತದೆ. ಬೇಸ್ ಸಾಲದೆನಿಸಿದರೆ ನಾಬ್ ತಿರುಗಿಸುವ ಮುನ್ನ ಆಂಪನ್ನು ಕುರ್ಚಿಯಿಂದ ಇಳಿಸಿ ನೆಲದ ಮೇಲೆ, ಗೋಡೆಯ ಮೂಲೆಗೆ ಒಂದು ಗೇಣು ಬಿಟ್ಟು ಇಡಿ.