ಆರ್‌ಎನ್‌ಎ ಬಂಧ ಎಷ್ಟು ಹೊತ್ತು ತಡೆಯುತ್ತದೆ? ಅಳೆಯುವ ಬಗೆ

ಜೀವದ ಮೊದಲ ಆನುವಂಶಿಕ ಅಣು ಯಾವುದಿದ್ದೀತು ಎಂಬ ಚರ್ಚೆಯಲ್ಲಿ ‘ಇದು ಸ್ಥಿರ, ಅದು ಅಸ್ಥಿರ’ ಎಂಬ ಮಾತು ತೀರಾ ಸಸಾರವಾಗಿ ಬರುತ್ತದೆ. ಯಾವ ಬಂಧ, ಯಾವ ಪಿಎಚ್‌ನಲ್ಲಿ ಎಂದು ಹೇಳದಿದ್ದರೆ ಆ ಮಾತಿಗೆ ಅರ್ಥವಿಲ್ಲ. ಕ್ಷಾರದಲ್ಲಿ ಆರ್‌ಎನ್‌ಎಯ 2'-ಹೈಡ್ರಾಕ್ಸಿಲ್ (ಸಕ್ಕರೆಯ ಎರಡನೇ ಇಂಗಾಲದ OH ಗುಂಪು) ಪಕ್ಕದ ರಂಜಕದ ಮೇಲೆ ಎರಗುತ್ತದೆ. ಸರಪಳಿ ತುಂಡಾಗಿ 2',3'-ಚಕ್ರೀಯ ಫಾಸ್ಫೇಟ್ ಉಳಿಯುತ್ತದೆ. ಟಿಎನ್‌ಎಯಲ್ಲಿ (ರೈಬೋಸ್ ಬದಲು ಥ್ರಿಯೋಸ್ ಸಕ್ಕರೆಯಿರುವ, ಆರ್‌ಎನ್‌ಎಯಂಥ ಅಣು) ಫಾಸ್ಫೇಟ್ ಪಕ್ಕ ಬಿಡುವಾದ ಹೈಡ್ರಾಕ್ಸಿಲ್ಲೇ ಇಲ್ಲ, ಹಾಗಾಗಿ ಈ ದಾರಿ ಮುಚ್ಚಿದೆ.

ಅಳೆಯಲು ನಾನು ಇಡೀ ಆರ್‌ಎನ್‌ಎ ಬಳಸುವುದಿಲ್ಲ. ಸುಮಾರು 20 ಘಟಕಗಳ ಡಿಎನ್‌ಎ ಎಳೆಯ ನಡುವೆ ಒಂದೇ ಒಂದು ರೈಬೋನ್ಯೂಕ್ಲಿಯೋಟೈಡ್ (ಆರ್‌ಎನ್‌ಎ ಘಟಕ), 5' ತುದಿಗೆ ಫ್ಲೋರೊಸೀನ್ ಎಂಬ ಹೊಳೆಯುವ ಬಣ್ಣ. ಮುರಿಯುವ ಜಾಗ ಒಂದೇ, ಲೆಕ್ಕ ಸಲೀಸು. ಎಳೆ 1 ಮೈಕ್ರೋಮೋಲಾರ್, ಮೆಗ್ನೀಸಿಯಂ ಕ್ಲೋರೈಡ್ 10 ಮಿಲಿಮೋಲಾರ್, ಬಫರ್ (ಪಿಎಚ್ ಕಾಯುವ ದ್ರಾವಣ) 50 ಮಿಲಿಮೋಲಾರ್. ಉಷ್ಣತೆ 75 ಡಿಗ್ರಿ.

ಹೆಚ್ಚಿನವರು ಎಡವುವುದು ಬಫರ್‌ನಲ್ಲಿ. ಟ್ರಿಸ್‌ನ ಪಿಎಚ್ ಡಿಗ್ರಿಗೆ ಸುಮಾರು 0.028 ಇಳಿಯುತ್ತದೆ. 25 ಡಿಗ್ರಿಯಲ್ಲಿ 8.0 ಇದ್ದದ್ದು 75ರಲ್ಲಿ 6.6ರ ಆಸುಪಾಸು. ಹೆಪೀಸ್ ಎಂಬ ಬಫರ್ ಇದರ ಅರ್ಧದಷ್ಟು ಇಳಿಯುತ್ತದೆ. ಫಾಸ್ಫೇಟ್ ಹೆಚ್ಚುಕಡಿಮೆ ಅಲುಗದು, ಆದರೆ ಮೆಗ್ನೀಸಿಯಂ ಜೊತೆ ಗಷ್ಟಾಗಿ ಕೂರುತ್ತದೆ. ಪ್ರಯೋಗದ ಉಷ್ಣತೆಯಲ್ಲೇ ಪಿಎಚ್ ಅಳೆದು ಹೊಂದಿಸಿ. ಇಲ್ಲಿ ಒಂದು ಅಂಕ ತಪ್ಪಿದರೆ ವೇಗ ಹತ್ತುಪಟ್ಟು ತಪ್ಪುತ್ತದೆ.

ಪ್ರತಿ ಹೊತ್ತಿಗೂ ಬೇರೆ ಟ್ಯೂಬ್ ಇರಲಿ, ಮುಚ್ಚಳವೂ ಬಿಸಿಯಾಗುವ ಪಿಸಿಆರ್ ಯಂತ್ರದಲ್ಲಿ. ಒಂದೇ ಟ್ಯೂಬನ್ನು ತೆರೆದು ತೆರೆದು ತೆಗೆದರೆ ನೀರು ಆವಿಯಾಗಿ ಮೆಗ್ನೀಸಿಯಂ ಸಾಂದ್ರತೆ ಏರುತ್ತದೆ. 10 ಮೈಕ್ರೋಲೀಟರ್ ಮಾದರಿಗೆ 20 ಮೈಕ್ರೋಲೀಟರ್ ತಡೆದ್ರವ (8 ಮೋಲಾರ್ ಯೂರಿಯಾ, ಮೆಗ್ನೀಸಿಯಂ ಹಿಡಿದಿಡುವ ಇಡಿಟಿಎ 30 ಮಿಲಿಮೋಲಾರ್) ಹಾಕಿ ಮಂಜುಗಡ್ಡೆಯಲ್ಲಿಡಿ. ಸೊನ್ನೆ ಹೊತ್ತಿನ ಮಾದರಿ ಮರೆಯಬೇಡಿ.

20% ಯೂರಿಯಾ ಜೆಲ್‌ನಲ್ಲಿ ತುಂಡು ಒಂದರ ಬದಲು ಒತ್ತೊತ್ತಾಗಿ ಎರಡು ಪಟ್ಟೆಯಾಗಿ ಕಂಡರೆ ಗಾಬರಿ ಬೇಡ. ಒಂದು ಚಕ್ರೀಯ ಫಾಸ್ಫೇಟ್, ಇನ್ನೊಂದು ಅದು ಬಿಚ್ಚಿಕೊಂಡ ರೂಪ. ಎರಡನ್ನೂ ಕೂಡಿಸಿ. ಉಳಿದ ಎಳೆಯ ಪಾಲಿನ ಸ್ವಾಭಾವಿಕ ಲಾಗರಿದಮ್ಮನ್ನು ಹೊತ್ತಿನೆದುರು ಗುರುತಿಸಿದರೆ ಇಳಿಜಾರೇ ವೇಗಾಂಕ.

ಇದೇ ಎಳೆಯನ್ನು ಪಿಎಚ್ 3ಕ್ಕೆ ಒಯ್ದರೆ ಚಿತ್ರ ತಿರುಗುತ್ತದೆ: ಈಗ ಡಿಎನ್‌ಎ ಭಾಗದ ಪ್ಯೂರಿನ್‌ಗಳೇ (ಅಡೆನಿನ್, ಗ್ವಾನಿನ್) ಉದುರುತ್ತವೆ. ಸೈಟೋಸಿನ್ ಯುರಾಸಿಲ್ ಆಗುವುದಂತೂ ಜೆಲ್‌ಗೆ ಕಾಣುವುದೇ ಇಲ್ಲ. ಸಂಶೋಧಕರಾದ ಲೆವಿ ಮತ್ತು ಮಿಲ್ಲರ್ 1998ರಲ್ಲಿ ಕೊಟ್ಟ ಅರ್ಧಾಯುಷ್ಯ 100 ಡಿಗ್ರಿಯಲ್ಲಿ ಸೈಟೋಸಿನ್‌ಗೆ 19 ದಿನ, ಅಡೆನಿನ್‌ಗೆ ಸುಮಾರು ಒಂದು ವರ್ಷ. ಸೈಟೋಸಿನ್‌ನ ಈ ಬದಲಾವಣೆಯನ್ನು ಹಿಡಿಯಲು ಎಳೆಯನ್ನು ನ್ಯೂಕ್ಲಿಯೇಸ್ ಪಿ1 ಮತ್ತು ಫಾಸ್ಫಟೇಸ್‌ನಿಂದ ನ್ಯೂಕ್ಲಿಯೋಸೈಡ್‌ಗಳಾಗಿ ಬಿಡಿಸಿ ಅವನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕಬೇಕು.